‘ಒರಿಜಿನಲ್’ ಪೋಸ್ಟರ್ ಅಂದ ತಕ್ಷಣ ದುಡ್ಡು ಕಳಿಸಬೇಡಿ

ಚಿಕ್ಕಮಗಳೂರು, ಹಾಸನ ಕಡೆ ಹಳೇ ಸಿನಿಮಾ ಪೋಸ್ಟರ್ ಕೂಡಿಡುವವರು ಇದ್ದರೆ ಇದನ್ನು ಓದಿ. ನನಗೆ 4,500 ರೂಪಾಯಿ ಪಂಗನಾಮ ಬಿದ್ದಿದೆ.

‘ರಫೂ ಚಕ್ಕರ್’ ಗೊತ್ತಲ್ವಾ? 1975ರ ಹಿಂದಿ ಸಿನಿಮಾ. ರಿಷಿ ಕಪೂರ್, ಪೇಂಟಲ್ ಇಬ್ಬರೂ ಕೊಲೆಯೊಂದನ್ನು ಕಣ್ಣಾರೆ ನೋಡಿಬಿಟ್ಟು, ಜೀವ ಉಳಿಸಿಕೊಳ್ಳೋಕೆ ಹೆಣ್ಣುವೇಷ ಹಾಕಿ ಹೆಂಗಸರ ವಾದ್ಯತಂಡಕ್ಕೆ ಸೇರಿಕೊಳ್ಳುತ್ತಾರೆ. ಕಥೆಯ ಮೂಲ 1959ರ ಹಾಲಿವುಡ್ ಸಿನಿಮಾ ‘ಸಮ್ ಲೈಕ್ ಇಟ್ ಹಾಟ್’. ‘ಶೋಲೆ’, ‘ದೀವಾರ್’ ಬಂದ ವರ್ಷವೇ ಬಂದಿದ್ದರಿಂದ ಇದನ್ನು ನೆನೆಯುವವರು ಕಡಿಮೆ. ನಮ್ಮಂಥ ಹುಚ್ಚರಿಗೆ ಅದೇ ರುಚಿ. ‘ಬಾಬಿ’ ಸಿನಿಮಾ ಬಂದು ಎರಡೇ ವರ್ಷಕ್ಕೆ ಅದರ ಹೀರೊ ರಿಷಿ ಕಪೂರ್ ವಿಗ್ ಹಾಕಿ, ಲಿಪ್‌ಸ್ಟಿಕ್ ಬಳಿದುಕೊಂಡು ನಿಂತ ಚಿತ್ರ ಬೇರೆಲ್ಲಿ ಸಿಗಬೇಕು? (ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ವೇಷ ಹೊಸದಲ್ಲ. ಅಲ್ಲಿ ಚೆಂದ ಕಾಣಬೇಕು, ಇಲ್ಲಿ ಸಿಕ್ಕಿಬೀಳೋದೇ ತಮಾಷೆ.)

ಈ ಸಿನಿಮಾದ ‘ಒರಿಜಿನಲ್’ ಪೋಸ್ಟರ್ ಅಂತ ನನಗೆ ಮಾರಿದವನು ಫೋನಿನಲ್ಲಿ ಹೇಳಿದ್ದು, ಮೂಡಿಗೆರೆ ಹತ್ತಿರ ತೋಟದ ಹಳೇ ಗೋದಾಮಿನಲ್ಲಿ ಸಿಕ್ಕಿತು ಅಂತ. ಫೋಟೋದಲ್ಲಿ ಮಡಿಕೆ ಗೆರೆ, ಮೂಲೆಯಲ್ಲಿ ನೀರಿನ ಕಲೆ ಎಲ್ಲ ಇತ್ತು. ನಂಬಿದೆ.

ಪಾರ್ಸೆಲ್ ಬಿಚ್ಚಿದಾಗ ಮೊದಲು ಮೋಸ ಹಿಡಿದದ್ದು ನನ್ನ ಮೂಗು. ಮಲೆನಾಡಿನ ಮಳೆಯಲ್ಲಿ ಐವತ್ತು ವರ್ಷ ಬಿದ್ದಿದ್ದ ಕಾಗದಕ್ಕೆ ಮುಗ್ಗಲು ವಾಸನೆ ಇರಬೇಕು, ಒಂದಾದರೂ ಹುಳ ಕೊರೆದ ತೂತು ಇರಬೇಕು. ಇದು ಹೊಸ ಇಂಕಿನ ಘಮ ಹೊಡೀತಿತ್ತು. ಮಡಿಕೆ ಗೆರೆ ಮೇಲೆ ಬೆರಳಾಡಿಸಿದೆ, ನುಣ್ಣಗೆ! ಗೆರೆಯನ್ನೂ ಕಲೆಯನ್ನೂ ಚಿತ್ರದ ಜೊತೆಗೇ ಪ್ರಿಂಟ್ ಹೊಡೆದಿದ್ದಾರೆ. ಹಿಂಬದಿ ಹಾಲಿನಷ್ಟು ಬಿಳಿ. ಭೂತಗನ್ನಡಿಯಲ್ಲಿ ನೋಡಿದರೆ ಹಳೇ ಆಫ್‌ಸೆಟ್ ಪ್ರಿಂಟಿನ ಸಾಲುಸಾಲು ಚುಕ್ಕೆ ಇಲ್ಲ, ಬಣ್ಣದ ಧೂಳು ಎರಚಿದ ಹಾಗಿದೆ.

ಮರುಮುದ್ರಣ ಅಂತ ಹೇಳಿಯೇ ಮಾರಿದ್ದರೆ ಮುನ್ನೂರು ಕೊಟ್ಟು ಖುಷಿಯಾಗಿ ತಗೊಳ್ತಿದ್ದೆ. ನಾನೂ ದಡ್ಡ, ಹಿಂಬದಿಯ ಫೋಟೋ ಕೇಳಲೇ ಇಲ್ಲ. ನೀವು ಕೇಳಿ. ಟಾರ್ಚನ್ನು ಪಕ್ಕದಿಂದ ಹಿಡಿದು ವಿಡಿಯೋ ಮಾಡಿ ಕಳಿಸು ಅನ್ನಿ. ನಿಜವಾದ ಮಡಿಕೆ ಆದರೆ ನೆರಳು ಬೀಳುತ್ತದೆ, ಎರಡು ಮಡಿಕೆ ಕೂಡುವಲ್ಲಿ ಕಾಗದ ಸವೆದಿರುತ್ತದೆ. ಆದರೆ ಕೈಯಲ್ಲಿ ಮುಟ್ಟಿ ನೋಡಿದ ಮೇಲೇ ದುಡ್ಡು ಕೊಡಿ.

ಅವನ ನಂಬರ್ ಈಗ ಸ್ವಿಚ್ ಆಫ್. ಮೊನ್ನೆ ಅದೇ ಪೋಸ್ಟರ್ ಮತ್ತೆ ಮಾರಾಟಕ್ಕೆ ಬಂದಿದೆ, ಈ ಸಲ ಸಕಲೇಶಪುರದ ಹಳೇ ಟಾಕೀಸಿನದಂತೆ. ನೀರಿನ ಕಲೆ ಮಾತ್ರ ಅದೇ ಮೂಲೆಯಲ್ಲಿ, ಅದೇ ಆಕಾರದಲ್ಲಿದೆ.