ಡೆಂಗಿ ಜ್ವರದಲ್ಲಿ ಮನೆಗೇ ಬಂದು ರಕ್ತ ಪರೀಕ್ಷಿಸಿದ ಲ್ಯಾಬ್: ನಮ್ಮ ಅನುಭವ

ಕಳೆದ ಮಳೆಗಾಲದಲ್ಲಿ 14 ವರ್ಷದ ನಮ್ಮ ಮಗಳಿಗೆ ಡೆಂಗಿ ಬಂದಾಗ, ಮೈಸೂರಿನ ನಮ್ಮ ಬಡಾವಣೆಯ ಲ್ಯಾಬ್ ಒಂದರಿಂದ ಸತತವಾಗಿ ನಾಲ್ಕು ದಿನ ಮನೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿದೆವು. ಕಾಯಿಲೆ ಬಿಗಡಾಯಿಸುವುದನ್ನು ಮುಂಚಿತವಾಗಿ ತಿಳಿಯಲು ಈ ಸೇವೆ ಎಷ್ಟರಮಟ್ಟಿಗೆ ನೆರವಾಯಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಜ್ವರದ ಮೂರನೆಯ ದಿನ ಮಾಡಿದ, ರಕ್ತದಲ್ಲಿ ಡೆಂಗಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆಗೆ, 2024ರಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸಿದ 300 ರೂಪಾಯಿಯನ್ನೇ ತೆಗೆದುಕೊಂಡರು. ಆ ಪರೀಕ್ಷೆ ಡೆಂಗಿ ಇದೆ ಎಂದು ಹೇಳುತ್ತದೆಯೇ ಹೊರತು ಮುಂದೇನಾಗುತ್ತದೆ ಎಂದು ಹೇಳುವುದಿಲ್ಲ. ಅದರ ಸುಳಿವು ಸಿಗುವುದು ದಿನದಿನದ ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ಣ ಎಣಿಕೆ), ಅದೂ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಮತ್ತು ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾವಾರು ಪಾಲು) ಎಂಬ ಎರಡು ಸಾಲುಗಳನ್ನು ಒಟ್ಟಿಗೆ ಓದಿದಾಗ. ರಕ್ತನಾಳಗಳಿಂದ ದ್ರವಾಂಶ ಸೋರತೊಡಗಿದರೆ ಉಳಿದ ರಕ್ತ ಮಂದವಾಗಿ ಪಿಸಿವಿ ಏರುತ್ತದೆ. ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತಿರುವಾಗ ಹೀಗಾಗುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಎಚ್ಚರಿಕೆಯ ಲಕ್ಷಣಗಳಲ್ಲಿ ಸೇರಿಸಿದೆ. ನಮ್ಮನ್ನು ವಿಚಾರಿಸಿದವರೆಲ್ಲ ಪ್ಲೇಟ್‌ಲೆಟ್ ಎಷ್ಟೆಂದು ಕೇಳಿದರು, ಪಿಸಿವಿಯನ್ನು ಯಾರೂ ಕೇಳಲಿಲ್ಲ.

ಈ ಲ್ಯಾಬಿನ ವರದಿಯಲ್ಲಿ ಹಿಂದಿನ ದಿನಗಳ ಅಂಕಿಗಳೂ ಪಕ್ಕದಲ್ಲೇ ಇರುತ್ತವೆ. ಆರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟು, ಮಗಳು ತಾನಾಗಿಯೇ ಗಂಜಿ ಕೇಳಿದಾಗ ನಾವು ಗೆದ್ದೆವೆಂದುಕೊಂಡಿದ್ದೆವು. ಆದರೆ ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಅಂದು 36ರಲ್ಲಿದ್ದ ಪಿಸಿವಿ 44ಕ್ಕೆ ಏರಿತ್ತು, ಪ್ಲೇಟ್‌ಲೆಟ್ 70,000ಕ್ಕೆ ಇಳಿದಿತ್ತು. ವಾಟ್ಸ್ಆ್ಯಪ್‌ನಲ್ಲಿ ವರದಿ ಕಳುಹಿಸಿ ಸುಮ್ಮನಾಗದೆ, ಲ್ಯಾಬಿನ ವೈದ್ಯರೇ ಕರೆ ಮಾಡಿ, "ಇವತ್ತೇ ಡಾಕ್ಟರಿಗೆ ತೋರಿಸಿ, ಸಂಜೆಯವರೆಗೆ ಕಾಯಬೇಡಿ" ಎಂದರು. ಮಧ್ಯಾಹ್ನದೊಳಗೆ ದಾಖಲಿಸಿದೆವು, ಎರಡು ದಿನ ಡ್ರಿಪ್ ಹಾಕಿದ ಬಳಿಕ ಪಿಸಿವಿ 37ಕ್ಕೆ ಬಂತು. ಆ ಒಂದು ಕರೆಗೆ ನಾನು ಎಂದೆಂದಿಗೂ ಋಣಿ.

ಆದರೆ ಜ್ವರದ ನಾಲ್ಕನೆಯ ದಿನದ ತಪ್ಪನ್ನು ಮುಚ್ಚಿಡಲಾರೆ. ಅಂದು ಪ್ಲೇಟ್‌ಲೆಟ್ 31,000 ಎಂದು ಬಂದು ಮನೆಯವರೆಲ್ಲ ಕಂಗಾಲಾದೆವು. ಒಂದೇ ದಿನದಲ್ಲಿ ಇಷ್ಟು ಕುಸಿದಿದ್ದನ್ನು ಕಂಡು ಅನುಮಾನಗೊಂಡ ನಮ್ಮ ವೈದ್ಯರು ರಕ್ತದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ, ಕೊಳವೆಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಯಂತ್ರದ ಎಣಿಕೆ ತಪ್ಪಿದ್ದು ತಿಳಿಯಿತು. ಹೀಗೆ ಗುಂಪುಗೂಡುವುದನ್ನು ತಪ್ಪಿಸಲು ಬಳಸುವ ನೀಲಿ ಮುಚ್ಚಳದ ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದಾಗ 1,10,000 ಬಂತು. ಎರಡನೆಯ ಸಲಕ್ಕೆ ಹಣ ಪಡೆಯಲಿಲ್ಲ, ನಿಜ. ಆದರೂ ಇಂಥ ಅಂಕಿಯನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸದೆ ಕಳುಹಿಸಬಾರದಿತ್ತು ಎಂದು ಲಿಖಿತವಾಗಿ ತಿಳಿಸಿದ್ದೇನೆ.