ನಾಲ್ಕು ಚಳಿಗಾಲ, ಒಂದು ಸ್ಲೋ ಕುಕ್ಕರ್ ಮತ್ತು ಗಟ್ಟಿಯಾಗದ ಗ್ರೇವಿ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಕೆಲಸ ಮುಗಿಸಿ ಆರು ಗಂಟೆಗೆ ಬಾಗಿಲು ತೆರೆದಾಗ ಬೆಂದ ಮಾಂಸ, ಈರುಳ್ಳಿ ಮತ್ತು ಥೈಮ್ ಎಂಬ ಸುವಾಸನೆಯ ಸೊಪ್ಪಿನ ಪರಿಮಳ ಮೆಟ್ಟಿಲವರೆಗೂ ಬಂದು ಎದುರುಗೊಳ್ಳುವ ಸುಖವೊಂದಕ್ಕಾಗಿಯೇ ಈ ಮೂರೂವರೆ ಲೀಟರಿನ ಸ್ಲೋ ಕುಕ್ಕರನ್ನು, ಅಂದರೆ ಸಣ್ಣ ತಾಪದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯನ್ನು, ನಾಲ್ಕು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಆದರೆ ಮೊದಲ ಚಳಿಗಾಲವಿಡೀ ಅದರಲ್ಲಿ ಮಾಡಿದ ಬೀಫ್ ಕ್ಯಾಸರೋಲ್ (ತರಕಾರಿಯೊಡನೆ ರಸದಲ್ಲಿ ನಿಧಾನವಾಗಿ ಬೇಯಿಸಿದ ದನದ ಮಾಂಸ) ನನ್ನನ್ನು ನಿರಾಶೆಗೊಳಿಸಿತು. ಮಾಂಸ ಬೆಣ್ಣೆಯಂತೆ ಬೆಂದಿರುತ್ತಿತ್ತು, ಗ್ರೇವಿ ಮಾತ್ರ ತಿಳಿಸಾರಿನಂತೆ ತಟ್ಟೆಯ ಅಂಚಿಗೆ ಹರಿಯುತ್ತಿತ್ತು.

ಕಾರಣ ತಿಳಿಯಲು ಕೆಲವು ವಾರಗಳು ಬೇಕಾದವು. ಓವನ್ನಿನಲ್ಲಿ ನೀರು ಸ್ವಲ್ಪಸ್ವಲ್ಪವೇ ಆವಿಯಾಗಿ ರಸ ತಾನಾಗಿ ಗಟ್ಟಿಯಾಗುತ್ತದೆ. ಇಲ್ಲಿ ಗಾಜಿನ ಮುಚ್ಚಳಕ್ಕೆ ತಾಗಿದ ಆವಿ ಹನಿಗಟ್ಟಿ ಮತ್ತೆ ಪಾತ್ರೆಗೇ ಬೀಳುತ್ತದೆ, ಅದರ ಜೊತೆಗೆ ಮಾಂಸ ಮತ್ತು ತರಕಾರಿ ಬಿಟ್ಟ ನೀರೂ ಸೇರುತ್ತದೆ. ಓವನ್ನಿನ ಅಳತೆಯಂತೆ 800 ಗ್ರಾಂ ಮಾಂಸಕ್ಕೆ 600 ಮಿಲಿಲೀಟರ್ ದ್ರವ ಸುರಿಯುತ್ತಿದ್ದ ನಾನು ಈಗ 350ಕ್ಕೆ ನಿಲ್ಲಿಸುತ್ತೇನೆ.

ಹಿಂದಿನ ರಾತ್ರಿ ಕ್ಯಾರೆಟ್, ಸ್ವೀಡ್ ಗೆಡ್ಡೆ ಮತ್ತು ಈರುಳ್ಳಿಯನ್ನು ಹೆಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ಆರೂವರೆಗೆ ಮಾಂಸಕ್ಕೆ ಎರಡು ಚಮಚ ಮೈದಾ ಸವರಿ, ಕಬ್ಬಿಣದ ಬಾಣಲೆಯಲ್ಲಿ ಮೂರು ಸಲವಾಗಿ, ತುಂಡು ತುಂಡಿಗೆ ತಾಗದಂತೆ ಹರಡಿ, ಗಾಢ ಕಂದುಬಣ್ಣ ಬರುವವರೆಗೆ ಹುರಿಯುತ್ತೇನೆ. ಕುಕ್ಕರಿನ ತಾಪ ಕುದಿಬಿಂದುವನ್ನು ದಾಟುವುದಿಲ್ಲವಾದ್ದರಿಂದ ಈ ಬಣ್ಣವನ್ನೂ ರುಚಿಯನ್ನೂ ಅದು ಎಂದಿಗೂ ಕೊಡಲಾರದು. ಈ ಹಂತವನ್ನು ಬಿಟ್ಟು ಮಾಡಿದ ದಿನದ ಊಟ ಪೇಲವವಾಗಿತ್ತು. ಬಾಣಲೆಯ ತಳಕ್ಕೆ ಹಿಡಿದದ್ದನ್ನು ಸ್ಟೌಟ್ ಎಂಬ ಕಪ್ಪು ಬಿಯರ್ ಹಾಕಿ ಕೆರೆದು, ಅದನ್ನೂ ಸೇರಿಸುತ್ತೇನೆ. ಗೆಡ್ಡೆಗಳು ಮಾಂಸಕ್ಕಿಂತ ನಿಧಾನವಾಗಿ ಬೇಯುವುದರಿಂದ ಅವಕ್ಕೆ ತಳದಲ್ಲೇ ಜಾಗ.

ಮಾಂಸದ ಆಯ್ಕೆಯಲ್ಲಿ ನನ್ನ ಜೇಬಿಗೂ ನಾಲಗೆಗೂ ಜಗಳವಿಲ್ಲ. ದನದ ಕಾಲಿನ ಕೆಳಭಾಗದ ಶಿನ್ ಎಂಬ ಅಗ್ಗದ ಮಾಂಸದಲ್ಲಿ ನಾರು ಮತ್ತು ಕೊಲಾಜೆನ್ ಹೆಚ್ಚು. ಎಂಟು ಗಂಟೆ ಸಣ್ಣ ತಾಪದಲ್ಲಿ ಆ ಕೊಲಾಜೆನ್ ಕರಗಿ ಜಿಲೆಟಿನ್ ಎಂಬ ಅಂಟು ಪದಾರ್ಥವಾಗುತ್ತದೆ. ಒಮ್ಮೆ ಆಸೆಪಟ್ಟು ಹಾಕಿದ, ಕೊಬ್ಬಿಲ್ಲದ ದುಬಾರಿ ಸ್ಟೀಕ್ ಅದೇ ಎಂಟು ಗಂಟೆಯಲ್ಲಿ ಒಣಗಿ ಹಿಂಡಿಯಾಯಿತು.

ನನ್ನ ಮಾದರಿಯಲ್ಲಿ ಟೈಮರ್ ಇಲ್ಲ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಏಳಕ್ಕೆ ಹೊರಟವಳು ಮರಳುವಾಗ ಹನ್ನೊಂದು ಗಂಟೆ ಕಳೆದಿರುತ್ತದೆ, ಆ ವೇಳೆಗೆ ಶಿನ್ ಎಳೆಎಳೆಯಾಗಿ ಕ್ಯಾರೆಟ್ ಆಕಾರವನ್ನೇ ಕಳೆದುಕೊಂಡಿರುತ್ತದೆ. ಇಡೀ ದಿನ ಹೊರಗಿರುವವರು ಹತ್ತು ಪೌಂಡ್ ಹೆಚ್ಚು ಕೊಟ್ಟಾದರೂ ತಾನಾಗಿ ಬೆಚ್ಚಗಿಡುವ ಹಂತಕ್ಕೆ ಇಳಿಯುವ ಮಾದರಿಯನ್ನೇ ಕೊಳ್ಳಬೇಕು. ನಾನಂತೂ ಈಗ ಕ್ಯಾಸರೋಲನ್ನು ಶನಿವಾರಕ್ಕೆ ಸರಿಸಿದ್ದೇನೆ. ಮನೆಯಲ್ಲೇ ಇದ್ದರೂ ಮುಚ್ಚಳ ತೆರೆದು ನೋಡುವುದಿಲ್ಲ, ಏಕೆಂದರೆ ಒಮ್ಮೆ ತೆರೆದರೆ ಕಳೆದುಹೋದ ತಾಪ ಮರಳಲು ಇಪ್ಪತ್ತು ನಿಮಿಷವಾದರೂ ಬೇಕು.

ಹೀಗೆ ದಿನ ಬದಲಿಸಿದ್ದೇ ಗ್ರೇವಿಯ ದೂರನ್ನೂ ತೀರಿಸಿತು. ಬಂಟ್ವಾಳದ ನಮ್ಮ ಮನೆಯಲ್ಲಿ ಅಮ್ಮ ಬಾಫತ್ ಎಂಬ ಮಸಾಲೆಯ ಮಾಂಸದ ಅಡುಗೆ ಮಾಡಿದರೆ ಅದರ ನಿಜವಾದ ರುಚಿ ಮಾರನೆಯ ದಿನಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು, ಆ ತಿಳಿವಳಿಕೆಯನ್ನು ಇಲ್ಲಿ ಬಳಸಲು ನನಗೆ ಮೂರು ವರ್ಷ ಹಿಡಿಯಿತು. ಶನಿವಾರ ಬೆಂದದ್ದನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟರೆ ಭಾನುವಾರದ ಹೊತ್ತಿಗೆ ಜಿಲೆಟಿನ್ ಹೆಪ್ಪುಗಟ್ಟಿರುತ್ತದೆ, ಮೇಲೆ ನಿಂತ ಕೊಬ್ಬನ್ನು ಚಮಚದಲ್ಲಿ ತೆಗೆಯಬಹುದು. ಅದನ್ನು ಒಲೆಯ ಮೇಲೆ ಮುಚ್ಚಳವಿಲ್ಲದೆ ಹದಿನೈದು ನಿಮಿಷ ಕುದಿಸಿದರೆ, ಮೊದಲ ಚಳಿಗಾಲವಿಡೀ ನಾನು ಬಯಸಿದ್ದ ಗ್ರೇವಿಯೇ ಸಿಗುತ್ತದೆ. ಬಡಿಸಿದ ಮೇಲೆ ಶೆಫೀಲ್ಡ್‌ನಲ್ಲೇ 1885ರಿಂದ ತಯಾರಾಗುತ್ತಿರುವ, ಹುಣಸೆ ಮತ್ತು ಲವಂಗದ ಹದವಿರುವ ಹೆಂಡರ್ಸನ್ಸ್ ರೆಲಿಶ್ ಎಂಬ ಸಾಸನ್ನು ನಾಲ್ಕು ಹನಿ ಚಿಮುಕಿಸುತ್ತೇನೆ.