ಹಾಡು ಕದ್ದಿದ್ದೀರಿ ಎಂಬ ನೋಟಿಸ್ ಬಂದರೆ ಹಣ ಕಟ್ಟಬೇಡಿ

ಮಡಿಕೇರಿ ಸುತ್ತಮುತ್ತ ಹೋಂಸ್ಟೇ ನಡೆಸುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಸಹಕಾರ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದ ನಾನು ಒಂದು ನಕಲಿ ನೋಟಿಸಿಗೆ ಹೆದರಿ 18,000 ರೂಪಾಯಿ ಕಳೆದುಕೊಂಡಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಆಗಸ್ಟ್ ಕೊನೆಯಲ್ಲಿ, ಸಂಗೀತ ಕಂಪನಿಯ ವಕೀಲರ ಕಚೇರಿಯವನೆಂದು ಹೇಳಿಕೊಂಡ ಒಬ್ಬಾತ ಕರೆ ಮಾಡಿ, ನಮ್ಮ ವೈಫೈ ಮೂಲಕ 43 ಹಾಡುಗಳನ್ನು ಕದ್ದು ಡೌನ್‌ಲೋಡ್ ಮಾಡಲಾಗಿದೆ ಎಂದ. ಬೆನ್ನಿಗೇ ವಾಟ್ಸಾಪಿನಲ್ಲಿ ನೋಟಿಸ್ ಬಂತು: ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ದಿನಾಂಕ, ಗಂಟೆ, ನಿಮಿಷ, ಹಾಡುಗಳ ಪಟ್ಟಿ, ಕೆಳಗೊಂದು ದುಂಡನೆಯ ಮೊಹರು. ವೈಫೈ ಪಾಸ್‌ವರ್ಡನ್ನು ಊಟದ ಕೋಣೆಯ ಗೋಡೆಗೇ ಅಂಟಿಸಿರುವ ನನಗೆ, ಯಾರೋ ಅತಿಥಿ ಮಾಡಿರಬಹುದೆನಿಸಿತು. ಅವನಿಗೆ ಅಷ್ಟೇ ಸಾಕಿತ್ತು.

"ಸರ್, ಅಮೆರಿಕದಲ್ಲಿ ಗ್ರಾಹಕರು ಹಾಡು ಕದ್ದದ್ದಕ್ಕೆ ಕಾಕ್ಸ್ ಎಂಬ ಇಂಟರ್ನೆಟ್ ಕಂಪನಿಗೇ 100 ಕೋಟಿ ಡಾಲರ್ ಬಿತ್ತು, ನೀವು ಯಾವ ಲೆಕ್ಕ?" ಎಂದ. 2019ರಲ್ಲಿ ವರ್ಜೀನಿಯಾದ ಜ್ಯೂರಿ 10,017 ಕೃತಿಗಳ ಲೆಕ್ಕ ಹಿಡಿದು ಅಷ್ಟು ಮೊತ್ತ ವಿಧಿಸಿದ್ದು ನಿಜವೇ. ಆದರೆ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಮೊತ್ತವನ್ನು ರದ್ದುಪಡಿಸಿದ್ದನ್ನು ಅವನು ಬಾಯಿಬಿಡಲಿಲ್ಲ. ದುಡ್ಡು ಹೋದ ಮೇಲೆ ಮಗಳು ಹುಡುಕಿ ಹೇಳಿದಳು. ನಮ್ಮಲ್ಲಿಯೂ 2012ರಲ್ಲಿ ಕಲ್ಕತ್ತಾ ಹೈಕೋರ್ಟ್ ಕದ್ದ ಹಾಡು ಹಂಚುವ 104 ಜಾಲತಾಣಗಳನ್ನು ತಡೆಯಲು ಆದೇಶಿಸಿದ್ದು ಇಂಟರ್ನೆಟ್ ಕಂಪನಿಗಳಿಗೇ ಹೊರತು, ಮನೆಮನೆಗೆ ಫೋನ್ ಮಾಡಿ ಯುಪಿಐನಲ್ಲಿ ವಸೂಲಿ ಮಾಡಿರೆಂದಲ್ಲ.

ಸಂಜೆಯೊಳಗೆ ಕಟ್ಟದಿದ್ದರೆ ಲೈನ್ ಕಡಿತ, ಮೊಕದ್ದಮೆ ಎಂದ. ಕಟ್ಟಿದೆ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ನೋಟಿಸನ್ನು ಮತ್ತೆ ಓದಿದಾಗ ದಿನಾಂಕ ಕಣ್ಣಿಗೆ ಬಿತ್ತು: ಜುಲೈ 19. ಆ ವಾರ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಐದು ದಿನ ನಮಗೆ ಕರೆಂಟೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ಅತಿಥಿಗಳಿಗೆ ಮುಂಗಡ ವಾಪಸು ಕೊಟ್ಟು ಕಳಿಸಿದ ಲೆಕ್ಕ ನನ್ನದೇ ಪುಸ್ತಕದಲ್ಲಿ, ನನ್ನದೇ ಕೈಬರಹದಲ್ಲಿದೆ. ಇಲ್ಲದ ಇಂಟರ್ನೆಟ್ಟಿನಲ್ಲಿ ಇಲ್ಲದ ಅತಿಥಿ 43 ಹಾಡು ಇಳಿಸಿಕೊಂಡಿದ್ದಾನೆ!

ಇದನ್ನು ಕೇಳಿದರೆ ಬಂದ ಉತ್ತರ: "ಟೈಪಿಂಗ್ ತಪ್ಪಿರಬಹುದು ಸರ್, ತಿದ್ದುಪಡಿಗೆ 2,500 ಆಗುತ್ತದೆ." ರಸೀದಿ ಕೇಳಿದೆ. "ರಸೀದಿ ಬರೆಯುವ ಮೇಡಂ ರಜೆಯಲ್ಲಿದ್ದಾರೆ." ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಒಂದೇ ಐಪಿ ವಿಳಾಸವನ್ನು ಅನೇಕ ಮನೆಗಳು ಹಂಚಿಕೊಂಡಿರುತ್ತವೆ, ಕಂಪನಿಯ ದಾಖಲೆ ನೋಡದೆ ಯಾರದೆಂದು ಹೇಳಲಾಗದು ಎಂದು ನಮ್ಮ ಲೈನಿನ ಹುಡುಗ ವಿವರಿಸಿದ್ದೂ ಆಮೇಲೆಯೇ.

ನೋಟಿಸ್ ಬಂದರೆ ಮೊದಲು ದಿನಾಂಕ ನೋಡಿ, ಇಂಟರ್ನೆಟ್ ಕೊಟ್ಟವರನ್ನು ಕೇಳಿ. ಹಣ ಹೋಗಿದ್ದರೆ ಅಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ಮನೆಯವರಿಗೆ ಹೇಳಲು ನಾಚಿ ನಾಲ್ಕು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು.